ಮಾರಿದ ಮೇಲೆ ಕಮಿಷನ್ ಇಳಿಸಿದರೆ?

ಮುಳಬಾಗಿಲು ಕಡೆಯ ಹುಡುಗನೊಬ್ಬ ಕೋಲಾರದ ನನ್ನ ಆಫೀಸಿಗೆ ಬಂದಿದ್ದ. ಟೊಮೆಟೊ ತೋಟಗಳಿಗೆ ಡ್ರಿಪ್ ಪೈಪ್ ಮಾರುವ ಕೆಲಸ. ಸಂಬಳ 14,000, ಅದರ ಮೇಲೆ ಬಿಲ್ಲಿಗೆ ಶೇ. 3 ಕಮಿಷನ್. ತಿಂಗಳ 28ಕ್ಕೆ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಸಾಲು: ‘ಈ ತಿಂಗಳಿಂದ ಕಮಿಷನ್ ಶೇ. 1.5’. ಎಲ್ಲರೂ ಹೆಬ್ಬೆರಳು ಒತ್ತಿದ್ದಾರೆ, ಇವನೂ ಒತ್ತಿದ್ದಾನೆ. "ಓನರ್ ನೋಡ್ತಿರ್ತಾರಲ್ಲ ಸಾರ್" ಅಂದ.

28ರೊಳಗೆ ಎಷ್ಟು ಮಾಲು ಹೋಗಿತ್ತು ಅಂತ ಕೇಳಿದೆ. ಆರು ಲಕ್ಷದ್ದು. ಅಂದರೆ 18,000 ಬರಬೇಕಾದ ಕಡೆ 9,000. ಹೀಗೆ ಹಿಂದಕ್ಕೆ ಹೋಗಿ ದರ ಇಳಿಸಲು ಬರುವುದಿಲ್ಲ. ದುಡಿದಾಗಿರುವ ಕಮಿಷನ್ ಅವನ ದುಡ್ಡು. 1872ರ ಕರಾರು ಕಾಯ್ದೆಯ 62ನೇ ಕಲಂ ಪ್ರಕಾರ ಹಳೇ ಕರಾರು ಬದಲಿಸಲು ಇಬ್ಬರೂ ಒಪ್ಪಬೇಕು.

ದುಡಿದಾಯಿತು ಅನ್ನುವುದು ಯಾವಾಗ? ಜಗಳವೆಲ್ಲ ಇಲ್ಲೇ. ಆರ್ಡರ್ ತಂದ ದಿನವೋ, ಪೈಪು ತೋಟದಲ್ಲಿ ಇಳಿದ ದಿನವೋ, ರೈತ ದುಡ್ಡು ಕಟ್ಟಿದ ದಿನವೋ? ಸಬ್ಸಿಡಿಗೆ ಕಾಯುವ ಬಿಲ್ಲಾದರೆ ತಿಂಗಳುಗಟ್ಟಲೆ ವ್ಯತ್ಯಾಸವಾಗುತ್ತದೆ. ನೇಮಕಾತಿ ಲೆಟರ್‌ನಲ್ಲಿ ಬರೆದಿದ್ದರೆ ಅದೇ ಅಂತಿಮ. ಇವನಿಗೆ ಲೆಟರೇ ಕೊಟ್ಟಿಲ್ಲ. ಆದರೆ ಎರಡು ವರ್ಷದ ಬ್ಯಾಂಕ್ ಎಂಟ್ರಿ ಇತ್ತು. ಪ್ರತಿ ತಿಂಗಳೂ ಇಳಿದ ಮಾಲಿನ ಮೇಲೆ ಶೇ. 3 ಜಮಾ. ಅಷ್ಟು ಸಾಕ್ಷಿ ಒಳ್ಳೆಯದೇ.

ಮುಂದಿನ ತಿಂಗಳ ಮಾತು ಬೇರೆ. ‘ದರವನ್ನು ಕಂಪನಿ ಬದಲಿಸಬಹುದು’ ಎಂಬ ಷರತ್ತಿದ್ದರೆ ಮಾಲೀಕರು ಮುಂದಕ್ಕೆ ಇಳಿಸಬಹುದು. ಇಲ್ಲದಿದ್ದರೆ ಒಪ್ಪಿಗೆ ಬೇಕು. ಆದರೆ ಸುಮ್ನೆ ಆರು ತಿಂಗಳು ಕಡಿಮೆ ದುಡ್ಡು ತೆಗೆದುಕೊಂಡರೆ ಅದನ್ನೇ ಒಪ್ಪಿಗೆ ಅಂತ ವಾದಿಸುತ್ತಾರೆ. ಎದುರು ಪಾರ್ಟಿಗೆ ನಿಂತಾಗ ನಾನೂ ವಾದಿಸಿದ್ದೇನೆ!

ಇನ್ನೊಂದು ವಿಷಯ. 2025ರ ನವೆಂಬರ್ 21ರಂದು ಜಾರಿಯಾದ ವೇತನ ಸಂಹಿತೆಯಲ್ಲಿ ‘ವೇತನ’ದ ಲೆಕ್ಕದಿಂದ ಕಮಿಷನ್ ಹೊರಗೆ. ಆದರೆ ಹಾಗೆ ಹೊರಗಿಟ್ಟದ್ದು ಒಟ್ಟು ಗಳಿಕೆಯ ಅರ್ಧ ದಾಟಿದರೆ, ದಾಟಿದಷ್ಟು ವೇತನಕ್ಕೆ ಸೇರುತ್ತದೆ. ಇವನದು ಒಟ್ಟು 32,000, ಅರ್ಧ 16,000. ಕಮಿಷನ್ 18,000 ಆದ್ದರಿಂದ 2,000 ವೇತನವಾಯಿತು. ಗ್ರಾಚುಟಿ ಲೆಕ್ಕಕ್ಕೆ ಇದು ಬೇಕಾಗುತ್ತದೆ.

ಬಾಕಿ ಹಣಕ್ಕೆ ಸಿವಿಲ್ ದಾವೆ ಹೂಡಲು 3 ವರ್ಷ ಗಡುವಿದೆ. ನಾವು ಅಲ್ಲಿಗೆ ಹೋಗಲಿಲ್ಲ. ಅಂದೇ ಓನರ್‌ಗೆ ಒಂದು ಇಮೇಲ್ ಬರೆಸಿದೆ. ಮೊದಲ ಸಾಲು: ‘ಹೆಬ್ಬೆರಳು ಒತ್ತಿದ್ದು ಮೆಸೇಜು ನೋಡಿದೆ ಅನ್ನುವುದಕ್ಕೆ, ದರ ಒಪ್ಪಿದೆ ಅಂತಲ್ಲ.’