ಪರೀಕ್ಷೆ ಬಂತೆಂದು ಓಟ ನಿಲ್ಲಿಸಬೇಕೇ?

ಕಾಲೇಜು ಮಟ್ಟದ ಓಟಗಾರರಲ್ಲಿ ಬಹುಪಾಲು ಮಂದಿ ಮುಂದೆ ಕ್ರೀಡೆಯಿಂದಲೇ ಬದುಕುವವರಲ್ಲ. ಆದ್ದರಿಂದ ಓದಿಗೇ ಮೊದಲ ಸ್ಥಾನ ಎಂಬ ಪೋಷಕರ ಮಾತಿಗೆ ತರಬೇತುದಾರನಾದ ನನ್ನ ತಕರಾರೇನಿಲ್ಲ. ತಕರಾರಿರುವುದು ಅದನ್ನು ಪಾಲಿಸುವ ಕ್ರಮದ ಬಗ್ಗೆ. ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿ ಬಂದ ದಿನವೇ ಸ್ಪೈಕ್ಸ್ (ಮೊಳೆಯಿರುವ ಓಟದ ಬೂಟು) ಮೂಲೆ ಸೇರುತ್ತವೆ, ತಿಂಗಳೊಪ್ಪತ್ತು ಮೈದಾನದತ್ತ ಯಾರೂ ಸುಳಿಯುವುದಿಲ್ಲ. ಪರೀಕ್ಷೆ ಮುಗಿದ ಮರುದಿನ ಹಳೆಯ ವೇಗದಲ್ಲೇ ಓಡಲು ಹೋಗಿ, ತೊಡೆಯ ಹಿಂಬದಿಯ ಸ್ನಾಯು ಹಿಡಿದುಕೊಂಡು ಕುಂಟುತ್ತಾ ಬರುತ್ತಾರೆ.

ತರಬೇತಿಯಲ್ಲಿ ಎಷ್ಟು ಓಡಿದೆವು ಎಂಬುದು ಬೇರೆ, ಎಷ್ಟು ವೇಗವಾಗಿ ಓಡಿದೆವು ಎಂಬುದು ಬೇರೆ. ಸಂಪೂರ್ಣ ನಿಲ್ಲಿಸಿದರೆ ಮೊದಲ ಎರಡು ವಾರಗಳಲ್ಲೇ ರಕ್ತದ ದ್ರವಭಾಗವಾದ ಪ್ಲಾಸ್ಮಾ ಕಡಿಮೆಯಾಗಿ, ಹೃದಯ ಒಂದೊಂದು ಬಡಿತಕ್ಕೆ ಹೊರದೂಡುವ ರಕ್ತವೂ ತಗ್ಗಿ, ಮೊದಲು ಸಲೀಸಾಗಿದ್ದ ವೇಗಕ್ಕೇ ಏದುಸಿರು ಬರತೊಡಗುತ್ತದೆ. ಆದರೆ ವೇಗವನ್ನು ಬಿಡದೆ ಒಟ್ಟು ದೂರವನ್ನು ಮಾತ್ರ ಅರ್ಧಕ್ಕೆ ಇಳಿಸಿದರೆ ಎರಡು ಮೂರು ವಾರಗಳ ಮಟ್ಟಿಗೆ ಸಾಮರ್ಥ್ಯ ಹೆಚ್ಚೇನೂ ಕುಸಿಯುವುದಿಲ್ಲ. ದೊಡ್ಡ ಕೂಟದ ಮುಂಚೆ ನಾವು ಬೇಕೆಂದೇ ಮಾಡಿಸುವುದೂ ಇದನ್ನೇ. 800 ಮೀಟರ್ ಓಟಗಾರ್ತಿಯೊಬ್ಬಳಿಗೆ ಪರೀಕ್ಷೆಯ ವಾರದಲ್ಲಿ ನಾನು ಕೊಡುವ ಅಭ್ಯಾಸ ಇಷ್ಟೇ: ಹತ್ತು ನಿಮಿಷ ನಿಧಾನದ ಓಟ, ಓಟದ ಭಂಗಿ ತಿದ್ದುವ ಒಂದಿಷ್ಟು ಡ್ರಿಲ್, ಸ್ಪರ್ಧೆಯ ವೇಗದಲ್ಲಿ 200 ಮೀಟರ್ ನಾಲ್ಕು ಸಲ, ನಡುನಡುವೆ ಮೂರು ನಿಮಿಷದ ನಡಿಗೆ, ಕೊನೆಗೆ ಮೈ ಆರುವವರೆಗೆ ಮೆಲ್ಲಗೆ ಓಟ. ಮುಕ್ಕಾಲು ಗಂಟೆ ಸಾಕು. ವಾರಕ್ಕೆ ಮೂರು ದಿನ ಸಾಕು.

1954ರ ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿ, ಆ ದೂರವನ್ನು ನಾಲ್ಕು ನಿಮಿಷದೊಳಗೆ ಮುಗಿಸಿದ ಮೊದಲಿಗರಾದ ರೋಜರ್ ಬ್ಯಾನಿಸ್ಟರ್ ಆಗ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ವಿದ್ಯಾರ್ಥಿ. ಊಟದ ಬಿಡುವಿನಲ್ಲಿ ಹತ್ತಿರದ ಪ್ಯಾಡಿಂಗ್ಟನ್ ಮೈದಾನಕ್ಕೆ ಹೋಗಿ 440 ಗಜಗಳ (ಸುಮಾರು 400 ಮೀಟರ್) ಓಟವನ್ನು ಹತ್ತು ಬಾರಿ ಓಡುವುದು ಅವರ ಮುಖ್ಯ ಅಭ್ಯಾಸವಾಗಿತ್ತು. ಇಂದು ಒಲಿಂಪಿಕ್ಸ್ ಮಟ್ಟಕ್ಕೆ ಅಷ್ಟು ಸಾಲದು, ನಿಜ. ಆದರೆ ಅಂತರ ಕಾಲೇಜು ಕೂಟದ ಅಂತಿಮ ಸುತ್ತಿಗೆ ವಾರಕ್ಕೆ ಎಂಟೊಂಬತ್ತು ಗಂಟೆಗಳ ಶಿಸ್ತಿನ ಅಭ್ಯಾಸ ಸಾಕಾಗುತ್ತದೆ. ವಿದ್ಯಾರ್ಥಿವೇತನ ಕೊಟ್ಟು ಓಡಿಸುವ ಅಮೆರಿಕದ ಕಾಲೇಜುಗಳಲ್ಲೂ ಸ್ಪರ್ಧಾ ಋತುವಿನಲ್ಲಿ ವಾರಕ್ಕೆ 20 ಗಂಟೆಗಳ ಮಿತಿ ಇದೆ.

ಸ್ಪರ್ಧೆಯ ಆಯ್ಕೆಯಲ್ಲೂ ಲೆಕ್ಕಾಚಾರ ಬೇಕು. ಮಧ್ಯಾಹ್ನವೆಲ್ಲ ಪ್ರಯೋಗಾಲಯದಲ್ಲಿ ಕಳೆಯುವ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಹತ್ತು ಸ್ಪರ್ಧೆಗಳ ಡೆಕಾಥ್ಲಾನ್ ಹೇಳಿದ್ದಲ್ಲ. 5,000 ಮೀಟರ್ ಓಟದ ಬಹುತೇಕ ತಯಾರಿಯನ್ನು ಬೆಳಗಿನ ಜಾವ ಹಾಸ್ಟೆಲಿನ ಸುತ್ತಲ ರಸ್ತೆಯಲ್ಲೇ ಮುಗಿಸಬಹುದು.

ಆದರೆ ಆ ಬೆಳಗಿನ ಜಾವ ರಾತ್ರಿಯ ನಿದ್ದೆಯಿಂದ ಕದ್ದದ್ದಾಗಬಾರದು. ರಾತ್ರಿ ಒಂದು ಗಂಟೆಯವರೆಗೆ ಓದಿ ಬೆಳಿಗ್ಗೆ ಐದಕ್ಕೆ ಎದ್ದು ಓಡುವುದನ್ನು ಶ್ರದ್ಧೆ ಎಂದು ಹೊಗಳುವವರಿದ್ದಾರೆ, ನಾನು ಹೊಗಳುವುದಿಲ್ಲ. ಓದಿದ್ದು ನೆನಪಿನಲ್ಲಿ ನೆಲೆಯೂರುವುದೂ ದಣಿದ ಸ್ನಾಯು ದುರಸ್ತಿಯಾಗುವುದೂ ನಿದ್ದೆಯಲ್ಲೇ. ಹಾಗೆ ಎದ್ದು ಬಂದವರನ್ನು ನಾನು ವಾಪಸು ಮಲಗಲು ಕಳಿಸುತ್ತೇನೆ.

ಇನ್ನು ಹಾಜರಾತಿ. ಶೇ 75ರ ನಿಯಮ ಓಟಗಾರನಿಗೂ ಅನ್ವಯಿಸುತ್ತದೆ. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ 2020ರಲ್ಲಿ ಮೂಡುಬಿದಿರೆಯಲ್ಲಿ ನಡೆದದ್ದು ಜನವರಿಯ ಮೊದಲ ವಾರದಲ್ಲಿ, ಅಂದರೆ ನಮ್ಮಲ್ಲಿ ಅನೇಕರಿಗೆ ಪರೀಕ್ಷೆಯ ಕಾಲದಲ್ಲಿ. ಹಾಗಾಗಿ ಸೆಮಿಸ್ಟರ್ ಆರಂಭದಲ್ಲೇ ಎರಡು ವೇಳಾಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟು, ವರ್ಷಕ್ಕೆ ಎರಡೋ ಮೂರೋ ಮುಖ್ಯ ಕೂಟಗಳನ್ನು ಆರಿಸಿ, ಉಳಿದವನ್ನು ಬಿಡಬೇಕು. ತಂಡಕ್ಕೆ ಆಯ್ಕೆಯಾದ ಕೂಡಲೇ ದೈಹಿಕ ಶಿಕ್ಷಣ ನಿರ್ದೇಶಕರ ಸಹಿ ಇರುವ ಪತ್ರವನ್ನು ವಿಭಾಗದ ಮುಖ್ಯಸ್ಥರಿಗೆ ತಲುಪಿಸಬೇಕು. ತಪ್ಪುವ ತರಗತಿ, ಲ್ಯಾಬ್ ಮತ್ತು ಇಂಟರ್ನಲ್ಸ್ ಯಾವುವು, ಅವನ್ನು ಯಾವ ದಿನ ಪೂರೈಸುತ್ತೇನೆ ಎಂಬುದು ಅದರಲ್ಲೇ ಇರಲಿ. ಪದಕ ಗೆದ್ದು ಬಂದ ಮೇಲೆ ಕೊಡುವ ಪತ್ರಕ್ಕಿಂತ ಹೊರಡುವ ಮುಂಚೆ ಕೊಟ್ಟ ಪತ್ರಕ್ಕೆ ಒಪ್ಪಿಗೆ ಬೇಗ ಸಿಗುತ್ತದೆ.