ಎಚ್‌ಡಿಆರ್ ಚಿತ್ರವನ್ನು ಪಿಜಿಎಂಗೆ ಇಳಿಸುವ ಕ್ರಮ

ಕತ್ತಲೆ ಕೋಣೆ, ಅದರ ಕಿಟಕಿಯಾಚೆ ಉರಿಬಿಸಿಲು. ಇಂತಹ ಎರಡನ್ನೂ ಒಟ್ಟಿಗೆ ಹಿಡಿದಿಡುವ ಎಚ್‌ಡಿಆರ್ ಚಿತ್ರವನ್ನು ಪಿಜಿಎಂ ಎಂಬ ಬೂದು ಛಾಯೆಯ ಸರಳ ಕಡತವಾಗಿ ಪರಿವರ್ತಿಸಿದಾಗ ಕೋಣೆಯೆಲ್ಲ ಮಸಿಯಾಗುತ್ತದೆ, ಇಲ್ಲವೇ ಕಿಟಕಿ ಬರಿಯ ಬಿಳಿಯ ತುಂಡಾಗುತ್ತದೆ. ನನ್ನ ಬಳಿಗೆ ಬರುವ ಇಂತಹ ದೂರುಗಳಲ್ಲಿ ಸೂತ್ರ ತಪ್ಪಾಗಿರುವುದು ಅಪರೂಪ. ಸರಿಯಾದ ಸೂತ್ರಗಳನ್ನು ತಪ್ಪು ಕ್ರಮದಲ್ಲಿ ಬಳಸಿರುವುದೇ ಹೆಚ್ಚು.

ಎಚ್‌ಡಿಆರ್ ಕಡತದಲ್ಲಿರುವುದು ದೃಶ್ಯದ ಬೆಳಕಿಗೆ ನೇರ ಅನುಪಾತದಲ್ಲಿರುವ ಸಂಖ್ಯೆಗಳು. ಓಪನ್‌ಇಎಕ್ಸ್‌ಆರ್ ಎಂಬ ಎಚ್‌ಡಿಆರ್ ಕಡತ ಮಾದರಿಯ 16 ಬಿಟ್ ಫ್ಲೋಟಿಂಗ್ ಪಾಯಿಂಟ್ ರೂಪದಲ್ಲಿ ಒಂದು ಬೆಲೆ 65504ರವರೆಗೂ ಏರಬಹುದು. ಸಾಮಾನ್ಯ 8 ಬಿಟ್ ಪಿಜಿಎಂನಲ್ಲಿ ಇರುವುದು 256 ಮೆಟ್ಟಿಲು ಮಾತ್ರ. ಹೀಗಾಗಿ ಅಷ್ಟನ್ನೂ ಇಷ್ಟರಲ್ಲಿ ಅಡಗಿಸುವ ಕೆಲಸವನ್ನು 255ರಿಂದ ಗುಣಿಸಿ ಮುಗಿಸಲಾಗದು.

ಮೊದಲು ಬಣ್ಣವನ್ನು ಪ್ರಕಾಶವಾಗಿಸಬೇಕು. ಕೆಂಪಿನ 0.2126, ಹಸಿರಿನ 0.7152, ನೀಲಿಯ 0.0722 ಭಾಗಗಳನ್ನು ಕೂಡಿಸಬೇಕು. ಇವು ರೆಕ್ 709 ಎಂಬ ವಿಡಿಯೊ ಮಾನದಂಡದ ಬಣ್ಣಗಳಿಗೆ ಸಲ್ಲುವ ತೂಕಗಳು. ಗಾಮಾ (ತೆರೆಗೆ ಹೊಂದುವಂತೆ ಬೆಲೆಗಳನ್ನು ಬದಲಿಸುವ ವಕ್ರರೇಖೆ) ತಾಗದ ರೇಖೀಯ ಬೆಲೆಗಳ ಮೇಲೆ ಮಾತ್ರ ಇವುಗಳಿಂದ ನಿಜವಾದ ಪ್ರಕಾಶ ಸಿಗುತ್ತದೆ. ಹಳೆಯ ಪ್ರೋಗ್ರಾಮುಗಳಲ್ಲಿ ಕಾಣುವ 0.299, 0.587, 0.114 ತೂಕಗಳು ಗಾಮಾ ಹಾಕಿದ ವಿಡಿಯೊ ಸಂಕೇತಕ್ಕೆಂದು ಹುಟ್ಟಿದವು, ಇಲ್ಲಿಗೆ ಹೊಂದುವುದಿಲ್ಲ.

ನಂತರದ್ದು ಟೋನ್ ಮ್ಯಾಪಿಂಗ್, ಅಂದರೆ ಪ್ರಕಾಶದ ದೊಡ್ಡ ಹರವನ್ನು ಸಣ್ಣದಕ್ಕೆ ಅಡಗಿಸುವುದು; ಇಡೀ ಕೆಲಸದ ತಿರುಳು ಇದೇ. 2002ರಲ್ಲಿ ರೈನ್‌ಹಾರ್ಡ್ ಮತ್ತು ಸಂಗಡಿಗರು ಮಂಡಿಸಿದ ವಿಧಾನದಿಂದಲೇ ಆರಂಭಿಸುವುದು ನನ್ನ ರೂಢಿ. ಎಲ್ಲ ಪಿಕ್ಸೆಲ್‌ಗಳ ಪ್ರಕಾಶದ ಲಾಗರಿದಮ್‌ಗಳ ಸರಾಸರಿಯಿಂದ ದೃಶ್ಯದ ನಡುಮಟ್ಟವನ್ನು ಕಂಡುಕೊಂಡು, ಅದು 0.18ಕ್ಕೆ ಬರುವಂತೆ ಚಿತ್ರದ ಎಲ್ಲ ಬೆಲೆಗಳನ್ನೂ ಒಂದೇ ಸಂಖ್ಯೆಯಿಂದ ಗುಣಿಸಿ, ಆಮೇಲೆ ಪ್ರತಿ ಬೆಲೆಯನ್ನೂ ಒಂದು ಕೂಡಿಸಿದ ಅದೇ ಬೆಲೆಯಿಂದ ಭಾಗಿಸಬೇಕು. ಮಂದ ಭಾಗಗಳು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ, ಪ್ರಖರ ಭಾಗಗಳು ಒಂದರ ಸಮೀಪಕ್ಕೆ ಬಂದು ನಿಲ್ಲುತ್ತವೆ. ಆದರೆ ಒಂದನ್ನು ಎಂದೂ ಮುಟ್ಟದ ಕಾರಣ ಬಿಳುಪು ಮಂಕಾಗಿ ಕಾಣುವುದುಂಟು. ಇದಕ್ಕೆಂದೇ ಅದೇ ಸೂತ್ರಕ್ಕೆ ‘ಪೂರ್ಣ ಬಿಳಿ’ಯ ಮಿತಿಯನ್ನು ಸೇರಿಸಿದ ರೂಪವೊಂದಿದೆ. ಆ ಮಿತಿಯನ್ನು ಚಿತ್ರದ ಗರಿಷ್ಠ ಬೆಲೆಗೆ ಕಟ್ಟಿಹಾಕದಿರುವುದು ಲೇಸು: ಲೋಹದ ಅಂಚಿನ ಒಂದು ಹೊಳಪು ಆ ಗರಿಷ್ಠವನ್ನು ಎಲ್ಲಿಗೋ ಒಯ್ದಿರುತ್ತದೆ.

ಸರಾಸರಿಯ ಲೆಕ್ಕದಲ್ಲಿ ಎರಡು ಗುಂಡಿಗಳಿವೆ. ಸೊನ್ನೆಗೆ ಲಾಗರಿದಮ್ ಇಲ್ಲವಾದ್ದರಿಂದ ಪ್ರತಿ ಬೆಲೆಗೂ ಅತಿ ಸಣ್ಣ ಸಂಖ್ಯೆಯೊಂದನ್ನು ಕೂಡಿಸಿಕೊಳ್ಳಬೇಕು. ಎರಡನೆಯದರಲ್ಲಿ ನಾನೇ ಬಿದ್ದಿದ್ದೇನೆ: ಒಮ್ಮೆ ಚಿತ್ರ ಪೂರ್ತಿ ಕಪ್ಪಾಗಿ ಬಂದು, ಬಹಳ ಹೊತ್ತು ಹುಡುಕಿದ ಮೇಲೆ, ಮೂಲ ಕಡತದ ಒಂದೇ ಪಿಕ್ಸೆಲ್‌ನಲ್ಲಿ ‘ಸಂಖ್ಯೆಯಲ್ಲದ’ ಬೆಲೆ ಕುಳಿತು ಸರಾಸರಿಯನ್ನೇ ಕೆಡಿಸಿದ್ದು ತಿಳಿಯಿತು. ಅಂದಿನಿಂದ ಅಂತಹವನ್ನೂ ಅನಂತ ಮತ್ತು ಋಣ ಬೆಲೆಗಳನ್ನೂ ಆರಂಭದಲ್ಲೇ ಸೋಸುತ್ತೇನೆ.

ಗಾಮಾ ಬರಬೇಕಾದದ್ದು ಇದರ ನಂತರವೇ. ರೇಖೀಯ 0.18 ಬೆಲೆಯನ್ನು ನೇರವಾಗಿ 255ರಿಂದ ಗುಣಿಸಿದರೆ 46 ಸಿಗುತ್ತದೆ. ಸಾಮಾನ್ಯ ತೆರೆಗಳ ಗಾಮಾ ಆದ ಎಸ್‌ಆರ್‌ಜಿಬಿ ವಕ್ರರೇಖೆಯ ಮೂಲಕ ಹಾಯಿಸಿದರೆ 118. ತೆರೆಯ ಮೇಲೆ ನಡುಬೂದು ಎನಿಸುವುದು ಎರಡನೆಯದೇ. ಪೂರ್ಣಾಂಕಕ್ಕೆ ತರುವುದು ಎಲ್ಲಕ್ಕಿಂತ ಕೊನೆಗೆ, ಅದೂ ಕತ್ತರಿಸದೆ ಸಮೀಪದ ಅಂಕಿಗೆ. ನಯವಾದ ಆಕಾಶದಲ್ಲಿ ಪಟ್ಟಿಗಳು ಎದ್ದರೆ ದುಂಡಾಗಿಸುವ ಮುನ್ನ ಅತ್ಯಲ್ಪ ಯಾದೃಚ್ಛಿಕ ಗದ್ದಲ ಬೆರೆಸಬಹುದು.

ಬರೆಯುವ ಕೆಲಸ ಸುಲಭ: ‘P5’ ಎಂಬ ಗುರುತು, ಅಗಲ, ಎತ್ತರ, ಗರಿಷ್ಠ ಬೆಲೆ, ಆಮೇಲೆ ಮೇಲಿನ ಸಾಲಿನಿಂದ ಕೆಳಕ್ಕೆ ಬೈಟುಗಳು. ಮೂಲ ಕಡತ ಪಿಎಫ್‌ಎಂ (ಎಚ್‌ಡಿಆರ್ ಬೆಲೆಗಳನ್ನು ಇಡುವ ಇನ್ನೊಂದು ಸರಳ ಮಾದರಿ) ಆಗಿದ್ದರೆ ಅದರ ಸಾಲುಗಳು ಕೆಳಗಿನಿಂದ ಮೇಲಕ್ಕಿರುವುದನ್ನು ಮರೆಯಬಾರದು, ಮರೆತರೆ ಚಿತ್ರ ತಲೆಕೆಳಗಾಗುತ್ತದೆ. ಗರಿಷ್ಠ ಬೆಲೆ 255ನ್ನು ಮೀರಿದರೆ ಪ್ರತಿ ಪಿಕ್ಸೆಲ್‌ಗೆ ಎರಡು ಬೈಟು ಬೇಕು, ದೊಡ್ಡ ಸ್ಥಾನದ ಬೈಟು ಮೊದಲು. ಇಂದಿನ ಹೆಚ್ಚಿನ ಕಂಪ್ಯೂಟರುಗಳ ಸ್ಮೃತಿಯಲ್ಲಿ ಆ ಜೋಡಿ ಅದಲುಬದಲಾಗಿರುತ್ತದೆ. ಹಾಗೆಯೇ ಬರೆದುಬಿಟ್ಟರೆ ನಯವಾದ ಇಳಿಜಾರಿನ ಜಾಗದಲ್ಲಿ ಮರಳು ಚೆಲ್ಲಿದಂತಹ ಕಲೆಗಳು ಕಾಣುತ್ತವೆ.