‘ಇನ್‌ಸ್ಟಾಲ್’ ಅಂದರೆ ಕಾಪಿ ಅಲ್ಲ ಮಾರಾಯ್ರೆ

“ಸಿ ಡ್ರೈವ್ ಫುಲ್ ಆಗಿ ಕೆಂಪು ಗೆರೆ ಬಂದಿತ್ತು. ಎಲ್ಲ ಪ್ರೋಗ್ರಾಮನ್ನೂ ಹೊಸ ಹಾರ್ಡ್ ಡಿಸ್ಕಿಗೆ ಇನ್‌ಸ್ಟಾಲ್ ಮಾಡಿದೆ. ಈಗ ಒಂದೂ ಓಪನ್ ಆಗುದಿಲ್ಲ.” ಉಡುಪಿಯ ನೆಂಟರೊಬ್ಬರು ಕಳೆದ ವಾರ ಫೋನ್ ಮಾಡಿ ಹೀಗೆಂದರು. ಏನು ಮಾಡಿದಿರಿ ಅಂತ ಬಿಡಿಸಿ ಕೇಳಿದೆ. ಪ್ರೋಗ್ರಾಮ್ ಫೈಲ್ಸ್ ಫೋಲ್ಡರ್ ತೆರೆದು, ಒಳಗಿದ್ದದ್ದನ್ನೆಲ್ಲ ಕಟ್ ಮಾಡಿ ಡಿ ಡ್ರೈವಿಗೆ ಪೇಸ್ಟ್ ಮಾಡಿದ್ದಾರೆ. ವಿಂಡೋಸ್ ನಡುವೆ ತಡೆದು ಅನುಮತಿ ಕೇಳಿದೆ. ಇವರು ಕಂಟಿನ್ಯೂ ಒತ್ತಿದ್ದಾರೆ. ಇದಕ್ಕೆ ಇನ್‌ಸ್ಟಾಲ್ ಅಂತ ಹೆಸರು! ಈ ವರ್ಷ ಇದು ಮೂರನೇ ಸಲ. ಹಾಗಾಗಿ ಬರೆದೇ ಬಿಡುವ.

ಈ ಪದ ಕಂಪ್ಯೂಟರಿಗೆ ಬರುವ ಮೊದಲು ಚರ್ಚಿನಲ್ಲಿತ್ತು. ಮಧ್ಯಯುಗದ ಲ್ಯಾಟಿನ್‌ನಲ್ಲಿ ‘ಇನ್‌ಸ್ಟಲ್ಲಾರೆ’ ಅಂದರೆ ಪಾದ್ರಿಯನ್ನು ಅವರಿಗೆ ಮೀಸಲಾದ ಆಸನದಲ್ಲಿ ವಿಧಿಪೂರ್ವಕ ಕೂರಿಸುವುದು. ಆ ಆಸನವೇ ‘ಸ್ಟಲ್ಲುಮ್’. ಇನ್ನೂ ಹಿಂದೆ ಹೋದರೆ ಜರ್ಮಾನಿಕ್ ಮೂಲದ ‘ಸ್ಟಾಲ್’: ನಿಲ್ಲುವ ಜಾಗ, ದನ ಕಟ್ಟುವ ಜಾಗ. ವಸ್ತು ಪ್ರದರ್ಶನದಲ್ಲಿ ನಾವು ಚುರುಮುರಿ ತಿನ್ನುವ ಸ್ಟಾಲ್ ಕೂಡ ಇದೇ ಕುಟುಂಬದ್ದು.

ಉಡುಪಿಯವರಿಗೆ ಇದನ್ನು ಬೇರೆ ಹೇಳಬೇಕಾ? ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ನಿದ್ದೆಗೆಟ್ಟು ನೋಡುವುದು ಇದನ್ನೇ ಅಲ್ವಾ? ಕೃಷ್ಣ ಮಠದ ಪೂಜೆಯ ಸರದಿ ವಹಿಸಿಕೊಳ್ಳುವ ಪರ್ಯಾಯದ ಸ್ವಾಮೀಜಿ ಸೀದಾ ಬಂದು ಸರ್ವಜ್ಞ ಪೀಠದಲ್ಲಿ ಕೂರುವುದಿಲ್ಲ. ಮೊದಲು ಕಾಪುವಿನ ದಂಡತೀರ್ಥದಲ್ಲಿ ಸ್ನಾನ. ಜೋಡುಕಟ್ಟೆಯಿಂದ ಮೆರವಣಿಗೆ. ಕನಕನ ಕಿಂಡಿಯಲ್ಲಿ ಕೃಷ್ಣದರ್ಶನ, ಮತ್ತೆ ಚಂದ್ರಮೌಳೀಶ್ವರ, ಅನಂತೇಶ್ವರ. ಆಮೇಲೆ ಪರ್ಯಾಯ ಮುಗಿಸಿದ ಸ್ವಾಮೀಜಿಯ ಕೈಯಿಂದ ಅಕ್ಷಯ ಪಾತ್ರೆ, ಸಟ್ಟುಗ, ಬೀಗದ ಕೈ. ಅಷ್ಟಾದ ಮೇಲೆ ಪೀಠ. ಲ್ಯಾಟಿನ್‌ನವರ ಇನ್‌ಸ್ಟಾಲ್‌ಗೆ ನಮ್ಮಲ್ಲಿ ಒಳ್ಳೆಯ ಪದವೇ ಉಂಟು: ಪೀಠಾರೋಹಣ. ನಾವು ಮಾತ್ರ ಸುಮ್ನೆ ‘ಹಾಕುವುದು’ ಅಂತೇವೆ. ಸಾಫ್ಟ್‌ವೇರ್ ಹಾಕಿ, ಪೆನ್‌ಡ್ರೈವ್ ಹಾಕಿ, ಸಾಂಬಾರಿಗೆ ಉಪ್ಪು ಹಾಕಿ. ಗೊಂದಲ ಅಲ್ಲಿಂದಲೇ ಶುರು.

ಸೆಟಪ್ ಓಡುವಾಗ ಫೈಲುಗಳು ಪ್ರೋಗ್ರಾಮ್ ಫೈಲ್ಸಿಗೆ ಬೀಳುವುದು ಬರೀ ಮೆರವಣಿಗೆ. ಅಧಿಕಾರ ಸಿಗುವುದು ಬೇರೆ ಕಡೆ. ವಿಂಡೋಸ್‌ನ ದಾಖಲೆ ಪುಸ್ತಕವಾದ ರಿಜಿಸ್ಟ್ರಿಯಲ್ಲಿ ಪ್ರೋಗ್ರಾಮಿನ ಪೂರ್ತಿ ವಿಳಾಸ ದಾಖಲಾಗುತ್ತದೆ, ‘ಸಿ’ ಅಕ್ಷರ ಸಮೇತ. ಸೆಟ್ಟಿಂಗ್‌ಗಳು ಆಪ್‌ಡೇಟಾ ಎಂಬ ಬೇರೆ ಫೋಲ್ಡರಿನಲ್ಲಿ ಕೂರುತ್ತವೆ. ಕೆಲವು ಡಿಎಲ್‌ಎಲ್‌ಗಳು, ಅಂದರೆ ಪ್ರೋಗ್ರಾಮಿಗೆ ಬೇಕಾದ ಸಹಾಯಕ ಫೈಲುಗಳು, ವಿಂಡೋಸ್‌ನ ಸಿಸ್ಟಮ್32 ಫೋಲ್ಡರಿಗೆ ಹೋಗುತ್ತವೆ. ಕನ್ನಡ ಟೈಪ್ ಮಾಡುವ ಹಳೆಯ ‘ನುಡಿ’ ಸಾಫ್ಟ್‌ವೇರನ್ನೇ ತಗೊಳ್ಳಿ. ಅದರ ಫಾಂಟ್‌ಗಳು ಇರುವುದು ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಲ್ಲಿ. ನುಡಿ ಫೋಲ್ಡರನ್ನಷ್ಟೇ ಪೆನ್‌ಡ್ರೈವಿನಲ್ಲಿ ಹೊತ್ತುಕೊಂಡು ಹೋಗಿ, ಮದುವೆ ಕಾಗದದಲ್ಲಿ ವಧೂವರರ ಹೆಸರಿನ ಬದಲು ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಂಡವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ನೆಂಟರ ಡೆಸ್ಕ್‌ಟಾಪಿನ ಚಿತ್ರಗಳೆಲ್ಲ ಬಿಳಿ ಕಾಗದವಾಗಿದ್ದವು. ಡಬಲ್ ಕ್ಲಿಕ್ ಮಾಡಿದರೆ, ಈ ಶಾರ್ಟ್‌ಕಟ್ ತೋರಿಸುವ ವಸ್ತು ಜಾಗ ಬದಲಿಸಿದೆ ಅಂತ ಉತ್ತರ. ಶಾರ್ಟ್‌ಕಟ್ ಅಂದರೆ ಒಂದೆರಡು ಕೆಬಿಯ ವಿಳಾಸದ ಚೀಟಿ. ಆ ಚೀಟಿಯನ್ನೇ ಡಿ ಡ್ರೈವಿಗೆ ಎಳೆದು ‘ಪ್ರೋಗ್ರಾಮ್ ಶಿಫ್ಟ್ ಆಯ್ತು’ ಅನ್ನುವವರೂ ಇದ್ದಾರೆ. ಅವರ ಸುದ್ದಿ ಇವತ್ತು ಬೇಡ.

ಹಾಗಾದರೆ ಎರಡನೇ ಡಿಸ್ಕಿಗೆ ಸಾಗಿಸುವುದು ಹೇಗೆ? ಸಾಗಿಸುವುದಲ್ಲ, ಇಲ್ಲಿ ಇಳಿಸಿ ಅಲ್ಲಿ ಏರಿಸುವುದು. ಲೈಸೆನ್ಸ್ ಕೀ ಬರೆದಿಟ್ಟುಕೊಂಡು ಅನ್‌ಇನ್‌ಸ್ಟಾಲ್ ಮಾಡಿ. ಮತ್ತೆ ಸೆಟಪ್ ಓಡಿಸುವಾಗ ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತದೆ, ಜಾಗ ಕೇಳುವಲ್ಲಿ ನಿಂತು ಡಿ ತೋರಿಸಿ. ಮೈಕ್ರೋಸಾಫ್ಟ್ ಸ್ಟೋರ್‌ನ ಬಹಳಷ್ಟು ಆಪ್‌ಗಳಿಗೆ ಸೆಟ್ಟಿಂಗ್ಸ್‌ನಲ್ಲಿ ‘ಮೂವ್’ ಉಂಟು, ಸ್ಟೀಮ್‌ನಲ್ಲಿ ಗೇಮ್‌ಗಳಿಗೂ ಅಂಥದ್ದು ಉಂಟು. ಅಲ್ಲಿ ವಿಳಾಸವನ್ನೂ ಅವೇ ತಿದ್ದಿಕೊಳ್ಳುತ್ತವೆ. ವಿಂಡೋಸ್‌ನ ಎಂಕೆಲಿಂಕ್ ಎಂಬ ಕಮಾಂಡ್ ಬಳಸಿ ಹಳೇ ಜಾಗದಲ್ಲಿ ಕೈಮರ ನೆಡುವ ಉಪಾಯವೂ ಉಂಟು, ಆದರೆ ಕಟ್ ಪೇಸ್ಟ್ ಮಾಡಿ ಫೋನ್ ಮಾಡುವವರಿಗೆ ಅದನ್ನು ಹೇಳಿಕೊಡುವ ಧೈರ್ಯ ನನಗಿಲ್ಲ. ಇನ್‌ಸ್ಟಾಲ್ ಮಾಡದೆಯೇ ಓಡುವ ಪೋರ್ಟಬಲ್ ಪ್ರೋಗ್ರಾಮ್‌ಗಳನ್ನು ಮಾತ್ರ ಧಾರಾಳ ಕಾಪಿ ಮಾಡಿ. ಅವು ಯಾವ ಪೀಠದಲ್ಲೂ ಕೂತವಲ್ಲ.

ಇನ್ನೊಂದು. ಡಿ ಅಂದ ಕೂಡಲೇ ಅದು ಎರಡನೇ ಡಿಸ್ಕ್ ಆಗಬೇಕೆಂದಿಲ್ಲ. ಒಂದೇ ಡಿಸ್ಕನ್ನು ಎರಡು ಪಾಲು ಮಾಡಿದ್ದರೂ ಡಿ ಕಾಣುತ್ತದೆ. ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ.

ನೆಂಟರ ಹತ್ತಿರ ಎಲ್ಲವನ್ನೂ ಇದ್ದ ಜಾಗಕ್ಕೇ ವಾಪಸ್ ಪೇಸ್ಟ್ ಮಾಡಿಸಿದೆ. ವಿಳಾಸ ಹೊಂದಿತು, ಹೆಚ್ಚಿನವು ಎದ್ದು ಕೂತವು. ಮತ್ತೆ ಸಿ ಡ್ರೈವ್ ತುಂಬಿಸಿದ್ದು ಯಾರು ಅಂತ ಹುಡುಕಿದರೆ, ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಮಗನ ಮದುವೆಯ ವಿಡಿಯೋ, 41 ಜಿಬಿ. ಅದನ್ನು ಕಟ್ ಪೇಸ್ಟ್ ಮಾಡಿದ್ದರೆ ಆಗುತ್ತಿತ್ತು.